ಸೆಕೆಗೂ ನೆರೆಗೂ ಮನೆ ಸಿದ್ಧ ಮಾಡುವುದು ಹೇಗೆ? ಮಂಗಳೂರಿನವರಿಗೆ ಒಂದಿಷ್ಟು ಹೆಜ್ಜೆಗಳು

ಮಂಗಳೂರಿನಲ್ಲಿ ಈಗ ಸೆಕೆ ಮುಗಿಯುವ ಮೊದಲೇ ನೆರೆ ಬಂದು ನಿಲ್ಲುತ್ತದೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆಯೆಲ್ಲ ನೀರು ತುಂಬಿತ್ತು. ಆಗಿನ್ನೂ ಜೂನ್ ಬಂದಿರಲಿಲ್ಲ. 2025ರಲ್ಲಿ ಫೆಬ್ರವರಿ ಕೊನೆಗೇ ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತು. ಅದೇ ವರ್ಷ ಮೇ 24ಕ್ಕೆ ಮುಂಗಾರು ಕೇರಳಕ್ಕೆ ಬಂದಾಗಿತ್ತು.

ತೋಡಿನ ಹೂಳು ತೆಗೆಯುವುದು, ರಾಜಕಾಲುವೆ ಅಗಲ ಮಾಡುವುದು ಪಾಲಿಕೆಯ ಕೆಲಸ. ಅದನ್ನು ಗಟ್ಟಿಯಾಗಿ ಕೇಳಲೇಬೇಕು. ಆದರೆ ನಮ್ಮ ಕಾಂಪೌಂಡಿನೊಳಗೆ ನಾವೇ ಮಾಡುವ ಕೆಲವು ಕೆಲಸಗಳಿಂದ ನೆರೆಯೂ ಜಾಸ್ತಿಯಾಗುತ್ತದೆ, ಸೆಕೆಯೂ ಜಾಸ್ತಿಯಾಗುತ್ತದೆ. ಹೊಸ ಮನೆ ಕಟ್ಟಿದವರು, ಹಳೆ ಮನೆ ರಿಪೇರಿ ಮಾಡಿಸಿದವರು ಒಂದೇ ಬಗೆಯ ತಪ್ಪನ್ನು ಮತ್ತೆ ಮತ್ತೆ ಮಾಡುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಗಡುವು ಹಾಕಿಕೊಳ್ಳಿ

ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ) ಕಳೆದ ಮೇಲೆ ಮಳೆ ಅಂತ ಹಿರಿಯರ ಲೆಕ್ಕ. ಅಂದರೆ ಮೇ 24, 25ರ ಸುಮಾರಿಗೆ. ಈಗ ಅಷ್ಟು ಕಾಯಬೇಡಿ. ಮೇ 10ರೊಳಗೆ ಎಲ್ಲ ಮುಗಿಯಲಿ. ಆಮೇಲೆ ಕೆಲಸದವರೂ ಸಿಗುವುದಿಲ್ಲ.

ಹೆಜ್ಜೆ 2: ನಿಮ್ಮ ಜಾಗ ಎಂಥದ್ದು ಅಂತ ತಿಳಿಯಿರಿ

ಗುಡ್ಡದ ಮೇಲೆ, ಇಳಿಜಾರಿನಲ್ಲಿ, ತಗ್ಗಿನಲ್ಲಿ. ಮಂಗಳೂರಿನ ಮನೆಗಳು ಈ ಮೂರರಲ್ಲಿ ಒಂದು ಕಡೆ ಇರುತ್ತವೆ. ಕುದ್ರೋಳಿ, ಬೋಳಾರ, ಜೆಪ್ಪಿನಮೊಗರು ಕಡೆಯ ತಗ್ಗಿನವರಿಗೆ ಇನ್ನೊಂದು ಕಷ್ಟ ಇದೆ. ಅಲ್ಲಿನ ನೀರು ಫಲ್ಗುಣಿಗೋ ನೇತ್ರಾವತಿಗೋ ಸೇರಬೇಕು. ಕಡಲು ಉಬ್ಬರದಲ್ಲಿದ್ದರೆ ನದಿ ಅದನ್ನು ಬೇಗ ಒಳಗೆ ತೆಗೆದುಕೊಳ್ಳುವುದಿಲ್ಲ. ತೋಡು ಎಷ್ಟೇ ಚೊಕ್ಕ ಇದ್ದರೂ ನೀರು ನಿಂತೇ ಬಿಡುತ್ತದೆ.

ಹೆಜ್ಜೆ 3: ನೀರಿನ ದಾರಿ ಹುಡುಕಿ

ಎಲ್ಲಕ್ಕಿಂತ ಮುಖ್ಯ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಮೊದಲು ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಿಮ್ಮ ಟೆರೇಸ್ ಸಾವಿರ ಚದರಡಿ ಅಂತಿಟ್ಟುಕೊಳ್ಳಿ. ಅಂದರೆ ಸುಮಾರು 93 ಚದರ ಮೀಟರ್. 100 ಮಿಲಿಮೀಟರ್ ಮಳೆ ಬಂದರೆ ಟೆರೇಸಿನಿಂದಲೇ 9,300 ಲೀಟರ್ ಇಳಿಯುತ್ತದೆ. ಊರಿಗೆ ವರ್ಷಕ್ಕೆ ಬೀಳುವುದು ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು. ಇಷ್ಟು ನೀರು ನಿಮ್ಮ ಜಾಗದಿಂದ ಎಲ್ಲಿಗೆ ಹೋಗುತ್ತಿದೆ ಅಂತ ನಿಮಗೆ ಗೊತ್ತಿರಬೇಕು, ಅಲ್ವಾ?

ಏಪ್ರಿಲ್‌ನಲ್ಲೋ ಮೇ ಮೊದಲಲ್ಲೋ ಒಂದು ಗುಡುಗು ಮಳೆ ಬಂದೇ ಬರುತ್ತದೆ. ಗುಡುಗು, ಮಿಂಚು ಪೂರ್ತಿ ನಿಂತ ಮೇಲೆ ಕೊಡೆ ಹಿಡಿದು ಅಂಗಳಕ್ಕೆ ಇಳಿಯಿರಿ. ಟೆರೇಸಿನ ಒಂದೊಂದು ಪೈಪಿನ ಬುಡದಿಂದ ಶುರುಮಾಡಿ ನೀರಿನ ಹಿಂದೆಯೇ ಹೋಗಿ. ಎಲ್ಲಿ ನಿಂತಿತು, ಎಲ್ಲಿ ಮನೆಯ ಪಂಚಾಂಗದ (ಅಡಿಪಾಯದ) ಕಡೆ ತಿರುಗಿತು, ಎಲ್ಲಿ ಗೇಟಿನ ಅಡಿಯಿಂದ ರಸ್ತೆಗೆ ಹಾರಿತು ಅಂತ ಕಾಗದದಲ್ಲಿ ಗುರುತು ಹಾಕಿ. ಗೇಟಿನ ಹೊರಗೆ ನಿಲ್ಲಬೇಡಿ. ಚರಂಡಿ ಹಿಡಿದು ತೋಡು ಸಿಗುವ ತನಕ ನಡೆಯಿರಿ. ಆಗ ನಾಲ್ಕು ತಪ್ಪುಗಳಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತದೆ.

ಒಂದು, ಮಳೆ ನೀರಿನ ಪೈಪನ್ನು ಒಳಚರಂಡಿಯ ಚೇಂಬರಿಗೆ ಜೋಡಿಸಿರುತ್ತಾರೆ. ಇದು ದೊಡ್ಡ ತಪ್ಪು. ಒಳಚರಂಡಿ ಪೈಪಿನ ಅಳತೆ ಬಚ್ಚಲು, ಕಕ್ಕಸಿನ ನೀರಿಗೆ ಲೆಕ್ಕ ಹಾಕಿದ್ದು. ಅದಕ್ಕೆ ಮಳೆ ನೀರು ನುಗ್ಗಿದರೆ ಕೆಳಗಿನ ಬೀದಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಏಳುತ್ತದೆ. ತಗ್ಗಿನ ಮನೆಯವರ ಬಚ್ಚಲಿನಲ್ಲಿ ಹೊಲಸು ನೀರು ಮೇಲೆ ಬರುತ್ತದೆ. ನಿಮ್ಮ ಮನೆಯಲ್ಲಿ ಹೀಗಿದೆಯಾ ಅಂತ ನೋಡುವುದು ಸುಲಭ. ಒಂದು ಬಕೆಟ್ ನೀರಿಗೆ ಅರಸಿನ ಕಲಸಿ ಟೆರೇಸಿನ ಪೈಪಿಗೆ ಹೊಯ್ಯಿರಿ. ಕೆಳಗೆ ಚೇಂಬರಿನ ಮುಚ್ಚಳ ತೆಗೆದು ಒಬ್ಬರು ಮೇಲಿಂದಲೇ ನೋಡಲಿ. ಹಳದಿ ನೀರು ಬಂದರೆ ಆ ಜೋಡಣೆಯನ್ನು ಈ ವಾರವೇ ಕಡಿಸಿ. ಪ್ಲಂಬರ್ ಬೇಡ ಅಂದರೂ ಕೇಳಬೇಡಿ. ಚೇಂಬರಿನೊಳಗೆ ಮಾತ್ರ ಯಾರನ್ನೂ ಇಳಿಸಬೇಡಿ.

ಎರಡನೆಯದು ಕಾಂಪೌಂಡು. ಹಳೆಯ ಕೆಂಪುಕಲ್ಲಿನ ಗೋಡೆಗಳ ಬುಡದಲ್ಲಿ ನೀರು ಹೋಗಲು ಕಿಂಡಿ ಇರುತ್ತಿತ್ತು. ಹೊಸ ಗೋಡೆ ಕಟ್ಟುವಾಗ ಹಾವು ಬರುತ್ತದೆ, ಚಂದ ಕಾಣುವುದಿಲ್ಲ ಅಂತ ಅದನ್ನು ಮುಚ್ಚುತ್ತಾರೆ. ಆಗ ಮೇಲಿನ ಜಾಗದ ನೀರು ಗೋಡೆಯ ಹಿಂದೆ ಒತ್ತಿ ನಿಲ್ಲುತ್ತದೆ. ಕೊನೆಗೆ ಗೋಡೆಯೇ ಮಗುಚುತ್ತದೆ. ನೀರು ಮೊದಲು ಹರಿಯುತ್ತಿದ್ದ ಜಾಗದಲ್ಲೇ ಕಿಂಡಿ ಬಿಡಿಸಿ, ಒಂದು ಗೇಣಾದರೂ ಅಗಲ ಇರಲಿ. ಕಂಬಿ ಹಾಕಿಸುವುದಾದರೆ ನಡುವೆ ಒಂದೂವರೆ ಇಂಚು ಸಂದು ಬಿಡಿ. ಸಣ್ಣ ಕಣ್ಣಿನ ಬಲೆ ಹಾಕಿದರೆ ಹಲಸಿನ ನಾಲ್ಕು ಎಲೆ ಸಾಕು, ಪೂರ್ತಿ ಕಟ್ಟಿಕೊಳ್ಳುತ್ತದೆ.

ಮೂರನೆಯದು ಗೇಟಿನೆದುರಿನ ಚರಂಡಿ. ಕಾರು ಹತ್ತಿಸಲು ಅಲ್ಲಿ 6 ಇಂಚಿನ ಪೈಪ್ ಇಟ್ಟು ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಮೇಲಿನ ಹತ್ತು ಮನೆಗಳ ನೀರು ಆ ಪೈಪಿನಲ್ಲಿ ಹೋಗುವುದು ಹೇಗೆ? ಪೈಪ್ ತೆಗೆಸಿ, ಚರಂಡಿಯನ್ನು ಇದ್ದ ಅಗಲಕ್ಕೇ ಬಿಟ್ಟು, ಇಬ್ಬರು ಎತ್ತಬಹುದಾದ ತುಂಡು ಚಪ್ಪಡಿಗಳನ್ನು ಹಾಕಿಸಿ. ಪ್ರತಿ ವರ್ಷ ಎತ್ತಿ ಹೂಳು ತೆಗೆಯಬಹುದು. ಹೂಳು ಎಷ್ಟಿದೆ ಅಂತ ನೋಡಲು ಒಂದು ಕೋಲು ಇಳಿಸಿದರೆ ಸಾಕು. ತೆಗೆದ ಹೂಳನ್ನು ಚರಂಡಿಯ ಅಂಚಿನಲ್ಲೇ ರಾಶಿ ಹಾಕುವ ಅಭ್ಯಾಸ ಇದೆ. ಮೊದಲ ಮಳೆಗೇ ಅದು ವಾಪಸ್ ಒಳಗೆ ಬೀಳುತ್ತದೆ. ಹೂಳು ಸಾಗಿಸುವ ಕೂಲಿಯನ್ನೂ ಸೇರಿಸಿಯೇ ಮಾತಾಡಿ.

ನಾಲ್ಕನೆಯದು ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಕೂಡಿಸಿ ಅಂಗಳಕ್ಕೆ ಹಾಸುವ ಸಿಮೆಂಟ್ ಬಿಲ್ಲೆ. ನಾನು ಇದರ ವಿರುದ್ಧ ಗಟ್ಟಿಯಾಗಿಯೇ ಹೇಳುತ್ತೇನೆ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಬೇಡಿ. ಸಂದಿನಲ್ಲಿ ನೀರು ಇಂಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಅಡಿಯಲ್ಲಿ ಕ್ರಷರ್ ಪುಡಿ ಹಾಕಿ ಗಟ್ಟಿಯಾಗಿ ಒತ್ತಿರುತ್ತಾರೆ. ನಮ್ಮ ಮಳೆಯ ರಭಸಕ್ಕೆ ಅಲ್ಲಿ ಇಂಗುವುದು ತೀರಾ ಕಡಿಮೆ, ಉಳಿದದ್ದೆಲ್ಲ ರಸ್ತೆಗೆ ಓಡುತ್ತದೆ. ಅದೇ ಇಂಟರ್‌ಲಾಕ್ ಏಪ್ರಿಲ್‌ನಲ್ಲಿ ಹಗಲಿಡೀ ಕಾದು ರಾತ್ರಿ ಆ ಬಿಸಿಯನ್ನು ನಿಮ್ಮ ಕಿಟಕಿಗೇ ಬಿಡುತ್ತದೆ. ನೆರೆಗೂ ಸೆಕೆಗೂ ಒಟ್ಟಿಗೆ ಕಾರಣವಾಗುವ ಇಂಥ ಇನ್ನೊಂದು ವಸ್ತು ಮನೆಯಲ್ಲಿಲ್ಲ. ಕಾರು ಹೋಗಬೇಕಾದರೆ ಚಕ್ರ ಹೋಗುವ ಎರಡು ಪಟ್ಟಿಗೆ ಮಾತ್ರ ಕಲ್ಲು ಹಾಕಿಸಿ. ಉಳಿದದ್ದು ಮಣ್ಣು, ಹುಲ್ಲು ಅಥವಾ ಸಡಿಲ ಜಲ್ಲಿ ಇರಲಿ. ಈಗಾಗಲೇ ಹಾಕಿಸಿದ್ದರೆ ಪೂರ್ತಿ ಕೀಳಬೇಕಿಲ್ಲ. ಮರಗಳ ಸುತ್ತ, ಕಾಂಪೌಂಡಿನ ಉದ್ದಕ್ಕೆ ಎರಡಡಿ ಅಗಲಕ್ಕೆ ತೆಗೆಸಿ ಗಿಡ ನೆಡಿ. ಅಂಗಳದಲ್ಲಿ ಕೆಸರಾಗುತ್ತದೆ ಅಂತ ಮನೆಯಲ್ಲಿ ಬೇಸರ ಪಡುವವರಿದ್ದರೆ ಮೆಟ್ಟಿಲಿನಿಂದ ಗೇಟಿನ ತನಕ ಕಲ್ಲು ಹಾಸಿದ ಒಂದು ಕಾಲುದಾರಿ ಮಾಡಿಕೊಡಿ.

ಪೈಪಿನ ಅಳತೆಯನ್ನೂ ನೋಡಿಬಿಡಿ. ಸಾವಿರ ಚದರಡಿ ಟೆರೇಸಿಗೆ 4 ಇಂಚಿನ ಪೈಪ್ ಎರಡಾದರೂ ಬೇಕು. ಎರಡೂವರೆ ಇಂಚಿನ ಪೈಪ್ ನಮ್ಮೂರಿನ ಮಳೆಗೆ ಆಗುವುದಿಲ್ಲ.

ಹೆಜ್ಜೆ 4: ಟೆರೇಸಿನ ನೀರನ್ನು ಬಾವಿಗೆ ಇಳಿಸಿ

ತುಂಬೆ ಅಣೆಕಟ್ಟೆಯಲ್ಲಿ ನೀರು ತಗ್ಗಿ ನಗರಕ್ಕೆ ರೇಷನಿಂಗ್ ಆದ 2019ರ ಬೇಸಿಗೆ ಹೆಚ್ಚಿನವರಿಗೆ ನೆನಪಿರಬಹುದು. ಬಾವಿ ಇದ್ದವರಿಗೆ ಆಗ ಎಷ್ಟೋ ಧೈರ್ಯ. ಕಡಲ ಹತ್ತಿರದ ಬಾವಿಗಳಿಗೆ ಇನ್ನೊಂದು ಲಾಭವಿದೆ. ಒಳಗೆ ಸಿಹಿನೀರು ಜಾಸ್ತಿ ಇದ್ದಷ್ಟೂ ಉಪ್ಪುನೀರು ದೂರ ಇರುತ್ತದೆ.

200 ಲೀಟರಿನ ಡ್ರಮ್ ತನ್ನಿ. ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ಇದ್ದಿಲು, ಬಲೆ ಹಾಸಿ ಅದರ ಮೇಲೆ ತೊಳೆದ ಮರಳು. ಮೇಲಿಂದ ಮಳೆ ನೀರು, ತಳದಿಂದ ಬಾವಿಗೆ ಪೈಪ್. ಪೈಪಿನ ನೀರು ಬಾವಿಯ ನಡುವಿಗೆ ಬೀಳಬೇಕು, ಗೋಡೆಗೆ ಬಡಿದರೆ ಮಣ್ಣು ಜರಿಯುತ್ತದೆ. ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಿ. ಟೆರೇಸಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಹೋಗುತ್ತದೆ. ಅಂಗಳದ, ರಸ್ತೆಯ ನೀರನ್ನು ಯಾವ ಕಾರಣಕ್ಕೂ ಬಾವಿಗೆ ಬಿಡಬೇಡಿ. ಅಂಗಡಿಯಲ್ಲಿ ಸಿಗುವ ಸಣ್ಣ ರೆಡಿಮೇಡ್ ಫಿಲ್ಟರುಗಳಿಗೆ ದುಡ್ಡು ಹಾಕಬೇಡಿ. ದೊಡ್ಡ ಮಳೆಗೆ ಕಟ್ಟಿಕೊಳ್ಳುತ್ತವೆ, ಆಮೇಲೆ ಮನೆಯವರು ಬೇಸತ್ತು ಪೈಪನ್ನೇ ತೆಗೆದುಬಿಡುತ್ತಾರೆ. ಡ್ರಮ್ಮಿನ ಮರಳನ್ನಾದರೆ ವರ್ಷಕ್ಕೊಮ್ಮೆ ತೆಗೆದು ತೊಳೆದು ಹಾಕಿದರೆ ಆಯಿತು.

ಹೆಜ್ಜೆ 5: ಮನೆ ಹಿಂದೆ ಕಡಿದ ಗುಡ್ಡ ಇದ್ದರೆ

ಇಲ್ಲಿ ಉಳಿತಾಯದ ಯೋಚನೆ ಬೇಡ. ನಮ್ಮಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲು ಇರುತ್ತದೆ, ಅದರ ಅಡಿಯಲ್ಲಿ ಶೇಡಿ ಅನ್ನುವ ಮೆತ್ತನೆಯ ಜೇಡಿಮಣ್ಣು. ನೀರು ಕುಡಿದರೆ ಶೇಡಿ ಜಾರುತ್ತದೆ, ಮೇಲಿನ ಕಲ್ಲು ಅದರ ಜೊತೆಗೇ ಬರುತ್ತದೆ. 2025ರ ಮೇ 30ರಂದು ಉಳ್ಳಾಲ ತಾಲೂಕಿನಲ್ಲಿ ಮನೆಗಳ ಮೇಲೆ ಗುಡ್ಡ ಜರಿದು ಮಕ್ಕಳೂ ಜೀವ ಕಳೆದುಕೊಂಡರು. ಗುಡ್ಡದ ತಲೆಯ ಮೇಲಿನ ನೀರನ್ನು ಚರಂಡಿ ಮಾಡಿ ಪಕ್ಕಕ್ಕೆ ತಿರುಗಿಸಿ. ಇಂಗುಗುಂಡಿ ಅಲ್ಲಿ ತೋಡಲೇಬೇಡಿ. ಟಾರ್ಪಾಲು ಹೊದೆಸಿ ಕಲ್ಲಿಟ್ಟರೆ ಸಾಕು ಅಂತ ಸುಮ್ನೆ ಕೂರಬೇಡಿ, ಅದು ಕೆಲವು ದಿನಗಳ ಉಪಾಯ ಅಷ್ಟೇ. ಮಣ್ಣಿನಲ್ಲಿ ಹೊಸ ಬಿರುಕು ಕಂಡರೆ, ಮರ ಓರೆಯಾದರೆ, ಗುಡ್ಡದ ಬುಡದಿಂದ ಕೆಸರು ನೀರು ಒಸರಿದರೆ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ನೆಂಟರ ಮನೆಗೆ ಹೋಗಿ. 1077ಕ್ಕೆ ಫೋನ್ ಮಾಡಿದರೆ ಜಿಲ್ಲಾ ಕಂಟ್ರೋಲ್ ರೂಮ್ ಸಿಗುತ್ತದೆ.

ಹೆಜ್ಜೆ 6: ತಗ್ಗಿನ ಮನೆಯವರು

ಪ್ಲಗ್ ಪಾಯಿಂಟುಗಳನ್ನು ಸೊಂಟದ ಮಟ್ಟಕ್ಕೆ ಏರಿಸಿ. ಕಾಗದಪತ್ರ ಮೇಲಿನ ಅಟ್ಟಕ್ಕೆ. ನೀರು ಹೊಸ್ತಿಲಿಗೆ ಬರುವ ಮೊದಲೇ ಮೇನ್ ಆಫ್.

ಹೆಜ್ಜೆ 7: ಟೆರೇಸಿನ ಬಿಸಿ ಇಳಿಸಿ

ಈ ಕೆಲಸ ಜನವರಿಯಲ್ಲಿ ಆಗಬೇಕು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಶುರುಮಾಡಿದ ಕಾರ್ಖಾನೆಯಿಂದ ಹಬ್ಬಿದ ಮಂಗಳೂರು ಹಂಚು ಈಗಲೂ ಸೆಕೆಗೆ ಒಳ್ಳೆಯ ಮಾಡು (ಛಾವಣಿ). ಸಂದಿನಲ್ಲಿ ಗಾಳಿ ಆಡುತ್ತದೆ, ರಾತ್ರಿ ಬೇಗ ತಣಿಯುತ್ತದೆ. ಹಂಚಿನ ಮನೆ ಇದ್ದವರು ದಯವಿಟ್ಟು ಅದನ್ನು ತೆಗೆಸಬೇಡಿ, ಒಡೆದ ಹಂಚು ಬದಲಿಸಿ ಉಳಿಸಿಕೊಳ್ಳಿ.

ಆರ್‌ಸಿಸಿ ಟೆರೇಸಿಗೆ ಬಿಳಿ ಸುಣ್ಣ ಒಳ್ಳೆಯದು, ಅಗ್ಗವೂ ಹೌದು. ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪಾಗುವುದರಿಂದ ಪ್ರತಿ ವರ್ಷ ಉಜ್ಜಿ ತೊಳೆದು ಮತ್ತೆ ಹೊಡೆಯಬೇಕು. ಸೋರುತ್ತದೆ ಅಂತ ಕಪ್ಪು ಡಾಂಬರಿನ ಲೇಪ, ಕಪ್ಪು ಹಾಳೆ ಹಾಕಿಸಿ ಹಾಗೇ ಬಿಡುವವರು ಇದ್ದಾರೆ. ಸೋರಿಕೆ ನಿಂತೀತು, ಆದರೆ ಕೆಳಗಿನ ಕೋಣೆ ಬಾಣಲೆಯಾಗುತ್ತದೆ.

ಶೀಟ್ ಮಾಡು ಹಾಕಿಸುವವರು ಟೆರೇಸಿನಿಂದ ಎತ್ತರ ಕೊಟ್ಟು ನಾಲ್ಕೂ ಬದಿ ತೆರೆದಿಡಿ. ಬದಿ ಮುಚ್ಚಿ ಕೋಣೆ ಮಾಡಿದರೆ ಬಿಸಿಗಾಳಿ ಅಲ್ಲೇ ಕೂರುತ್ತದೆ. ಶೀಟಿನ ಅಡಿಯಲ್ಲೇ ಹಗಲಿಡೀ ಕೂತು ಬೀಡಿ ಕಟ್ಟುವ ಹೆಂಗಸರಿರುವ ಮನೆಗಳಲ್ಲಿ ಮೊದಲು ಆ ಶೀಟಿನ ಮೇಲೆ ಮಡಲು ಹೊದೆಸಿ. ತೆಂಗಿನ ಮರ ಇದ್ದರೆ ಖರ್ಚೇ ಇಲ್ಲ. ಗಾಳಿಗೆ ಹಾರದ ಹಾಗೆ ಹಗ್ಗ ಬಿಗಿಯಿರಿ, ಒಲೆಯ ಹೊಗೆ ಹೋಗುವ ಕಡೆ ಮಾತ್ರ ಹಾಕಬೇಡಿ.

ಹೆಜ್ಜೆ 8: ಕೋಣೆಯೊಳಗೆ

ಏರ್ ಕೂಲರ್ ಕೊಳ್ಳಬೇಡಿ. ಒಣಗಾಳಿಯ ಕಲಬುರಗಿ, ರಾಯಚೂರಿಗೆ ಅದು ಸರಿ. ನಮ್ಮ ಗಾಳಿಯಲ್ಲಿ ಮೊದಲೇ ತೇವ ತುಂಬಿದೆ. ಅದಕ್ಕೆ ಇನ್ನಷ್ಟು ತೇವ ಸೇರಿದರೆ ಬೆವರು ಆರುವುದೇ ಇಲ್ಲ. ಅದೇ ದುಡ್ಡಿಗೆ ಒಂದು ಒಳ್ಳೆಯ ಫ್ಯಾನ್ ತನ್ನಿ, ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿ. ಒಳಗಿನ ಪರದೆಯಿಂದ ಅಷ್ಟು ಪ್ರಯೋಜನವಿಲ್ಲ, ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ.

ಹೆಜ್ಜೆ 9: ಮೈ ನೋಡಿಕೊಳ್ಳಿ

ಬಯಲುಸೀಮೆಯಲ್ಲಿ 40 ಡಿಗ್ರಿ ದಾಟಿದ ಮೇಲೆ ಬಿಸಿಗಾಳಿಯ ಮಾತು ಬರುತ್ತದೆ. ಕರಾವಳಿಗೆ ಆ ಗಡಿ 37 ಡಿಗ್ರಿ. ಇಲ್ಲಿ ಬೆವರು ಮೈಯಲ್ಲೇ ನಿಲ್ಲುವುದರಿಂದ ಅದಕ್ಕಿಂತ ಕಡಿಮೆ ಇದ್ದರೂ ದೇಹ ಸೋಲುತ್ತದೆ. ಗಂಜಿ ತಿಳಿ, ಉಪ್ಪು ಹಾಕಿದ ಮಜ್ಜಿಗೆ, ಬೊಂಡ (ಎಳನೀರು), ಪುನರ್ಪುಳಿ ಪಾನಕ ಇವೇ ಸಾಕು. ಬಣ್ಣದ ಎನರ್ಜಿ ಡ್ರಿಂಕ್ ಬೇಡ. ಕಟ್ಟಡ ಕೆಲಸದವರು, ಬಂದರಿನ ಧಕ್ಕೆಯಲ್ಲಿ ಮೀನು ಹೊರುವವರು ಮಧ್ಯಾಹ್ನ ನೆರಳಿಗೆ ಬರುವ ಹಾಗೆ ಕೆಲಸ ಕೊಡುವವರೇ ಸಮಯ ಬದಲಿಸಬೇಕು. ಯಾರಾದರೂ ತಡವರಿಸಿ ಮಾತಾಡಿದರೆ, ಗೊಂದಲಪಟ್ಟರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಗಾಡಿ ಬರುವ ತನಕ ನೆರಳಿನಲ್ಲಿ ಮಲಗಿಸಿ ಮೈಗೆ ನೀರು ಹೊಯ್ಯುತ್ತ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹೆಜ್ಜೆ 10: ಎಚ್ಚರಿಕೆ ಓದಲು ಕಲಿಯಿರಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ರೆಡ್ ಅಲರ್ಟ್ ಸಾಮಾನ್ಯವಾಗಿ ಈ ಕೊನೆಯದಕ್ಕೆ. ತಗ್ಗಿನವರು ಇದರ ಜೊತೆಗೆ ಉಬ್ಬರದ ಹೊತ್ತನ್ನೂ ಬರೆದಿಡಿ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಜಾಸ್ತಿ ಏರುತ್ತದೆ. ಬೆಂಗ್ರೆ, ಬೋಳಾರದ ಮೀನುಗಾರರನ್ನು ಕೇಳಿದರೆ ಹೊತ್ತು ಹೇಳುತ್ತಾರೆ. ರೆಡ್ ಅಲರ್ಟ್ ಇರುವ ದಿನ ಅಮಾವಾಸ್ಯೆಯೂ ಹತ್ತಿರ ಇದ್ದರೆ ಉಬ್ಬರಕ್ಕೆ ಎರಡು ಗಂಟೆ ಮೊದಲೇ ಕಾರು, ಸ್ಕೂಟರನ್ನು ಎತ್ತರದ ರಸ್ತೆಗೆ ಒಯ್ದಿಡಿ. ವಯಸ್ಸಾದವರನ್ನು ಮೇಲಿನ ಮಾಳಿಗೆಗೋ ಎತ್ತರದಲ್ಲಿರುವ ನೆಂಟರ ಮನೆಗೋ ಬೆಳಕಿರುವಾಗಲೇ ಕರೆದುಕೊಂಡು ಹೋಗಿ.