ಸಾವಿರ ಸಲ ಹೋದ ಊರಿಗೆ ಅಪ್ಪನ ಮೊದಲ ಪ್ರವಾಸ

ಆಧಾರ್ ಕಾರ್ಡಿನ ಪ್ರಕಾರ ಅಪ್ಪ ಹುಟ್ಟಿದ್ದು ಜೂನ್ 1ಕ್ಕೆ. ಅವನ ಓರಗೆಯವರಲ್ಲಿ ಅರ್ಧ ಊರು ಅದೇ ದಿನ ಹುಟ್ಟಿದೆ. ಸಾಲಿಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು. ನಿಜವಾಗಿ ಹುಟ್ಟಿದ್ದು ಎಳ್ಳಮಾಸಿಗೆ ಹೊಲದಾಗ ಚರಗ ಚೆಲ್ಲಿ ಬಂದ ನಾಲ್ಕನೇ ದಿನ ಅಂತ ಅವನ ಅವ್ವ ಇರುವತನಕ ಹೇಳುತ್ತಿದ್ದಳು. ಈ ಸಲ 75 ತುಂಬಿತು. ನಾನು ಅಜ್ಜಿಯ ಲೆಕ್ಕವನ್ನೇ ಹಿಡಿದೆ. ಎಳ್ಳಮಾಸಿ ಮುಗಿದ ಮೇಲಿನ ಶನಿವಾರ, ಭಾನುವಾರ ಎರಡು ದಿನ ವಿಜಯಪುರ ಅಂತ ನಿಕ್ಕಿ ಮಾಡಿದೆ. ಆ ಊರಿನ ಬಿಸಿಲು ಗೊತ್ತಿದ್ದವರಿಗೆ ಚಳಿಗಾಲವೇ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬೇರೆ ಊರೇ ಇರಲಿಲ್ಲವೇ ಅಂತ ಕೇಳಿದವರಿದ್ದಾರೆ. ಅಪ್ಪ 34 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಬಹಳಷ್ಟು ಕಾಲ ಬಾಗಲಕೋಟೆ-ಬಿಜಾಪುರ ಲೈನಿನಲ್ಲೇ ದುಡಿದ. (2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಯಿತು, ಅಪ್ಪನ ಬಾಯಲ್ಲಿ ಇನ್ನೂ ಆಗಿಲ್ಲ.) ಸಣ್ಣವರಿದ್ದಾಗ ನಾನು, ತಮ್ಮ ಕೇಳುತ್ತಿದ್ದೆವು, ‘ಅಪ್ಪಾ, ಗೋಳಗುಮ್ಮಟ ಹೆಂಗೈತಿ?’ ಅವನು ಪ್ರತಿ ಸಲ ‘ದುಂಡಗೈತಿ’ ಅನ್ನುತ್ತಿದ್ದ. ಅವನು ಒಳಗೆ ಕಾಲಿಟ್ಟೇ ಇರಲಿಲ್ಲ ಅಂತ ತಿಳಿದದ್ದು ಹೋದ ವರ್ಷ. ‘ಬಸ್ ನಿಂತ್ರ ಇಪ್ಪತ್ತ್ ನಿಮಿಷ. ಚಾ ಕುಡಿಯೂದು, ವೇ ಬಿಲ್ ಬರಿಯೂದು, ಹೊಳ್ಳಿ ಬರೂದು. ಗುಮ್ಮಟ ಏನ್ ಓಡಿ ಹೊಕ್ಕೈತೇನ ಅಂತ ಬಿಟ್ಟೆ’ ಅಂದ.

ಬೆಳಗಾವಿಯಲ್ಲಿ ಕೂತು ನಾನು ಮಾಡಿದ ಮೊದಲ ಪಟ್ಟಿಯಲ್ಲಿ ಹನ್ನೊಂದು ಜಾಗಗಳಿದ್ದವು. ‘ಇದು ಹುಟ್ಟುಹಬ್ಬಾನೋ, ಇನ್‌ಸ್ಪೆಕ್ಷನ್ನೋ?’ ಅಂದರು ನನ್ನ ಯಜಮಾನರು. ಅಪ್ಪನಿಗೆ ಮೊಣಕಾಲು ನೋವು, ಅವ್ವನಿಗೆ ಸಕ್ಕರೆ ಕಾಯಿಲೆ. ಮೆಟ್ಟಿಲು ನೆನೆಸಿಕೊಂಡು ಒಂದೊಂದೇ ಹೆಸರು ಹೊಡೆದುಹಾಕಿದೆ. ಪಟ್ಟಿಯಿಂದ ಮೊದಲು ಬಿಟ್ಟುಹೋದದ್ದು ಉಪ್ಪಲಿ ಬುರುಜು. 80 ಅಡಿ ಎತ್ತರ, ಹೊರಗಿನಿಂದ ಸುತ್ತಿ ಹತ್ತಬೇಕು. ಕೊನೆಗೆ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು ಮೂರೇ ಉಳಿದವು. ಮುಂಜಾನೆ ಒಂದು, ಸಂಜೆ ಒಂದು, ಮಧ್ಯಾಹ್ನ ಊಟ ಮಾಡಿ ಮಲಗುವುದು. ಮಕ್ಕಳು ಮುಖ ಊದಿಸಿದರು. ಊದಿಸಲಿ ಅಂತ ಬಿಟ್ಟೆ.

ಬಾಡಿಗೆ ಗಾಡಿ ಹೇಳಿಟ್ಟಿದ್ದೆ. ಅಪ್ಪ ಒಪ್ಪಲಿಲ್ಲ. ‘ನನ್ನ ಲೈನಿಗೆ ನಾ ಗಾಡಿ ಮಾಡ್ಕೊಂಡ ಹೋಗ್ಲೇನು?’ ಶನಿವಾರ ಮುಂಜಾನೆ ನಾವು ಆರು ಮಂದಿ ಬಾಗಲಕೋಟೆಯಲ್ಲಿ ಬಸ್ ಹತ್ತಿದೆವು. ಅವ್ವ, ನಾನು, ಎಂಟು ವರ್ಷದ ಮಗಳು ಮೂವರಿಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಅಪ್ಪ ಆ ಚೀಟಿಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ‘ನನ್ನ ಕಾಲಕ್ಕ ಹಿಂಗ ಅರ್ಧಾ ಬಸ್ ಪುಕ್ಕಟ ಕೂಡಿಸಿದ್ರ ಅಂದ ಸಂಜಿಗೇ ಸಸ್ಪೆಂಡ್ ಆಗ್ತಿದ್ದೆ.’ ಆ ಮಾತು ಕೇಳಿಸಿಕೊಂಡ ಕಂಡಕ್ಟರ್ ಹುಡುಗ ತಿರುಗಿ ನಿಂತ. ‘ಎಷ್ಟ್ ವರ್ಷ ಸರ್ವಿಸ್ ರೀ ಅಜ್ಜಾರ?’ ಅಲ್ಲಿಂದ ಮುಂದೆ ಅಪ್ಪ ನಮ್ಮ ಕೈಗೆ ಸಿಗಲಿಲ್ಲ. ಗದ್ದನಕೇರಿ ಕ್ರಾಸ್, ಅನಗವಾಡಿ, ಬೀಳಗಿ ಕ್ರಾಸ್, ಕೊರ್ತಿ, ಕೊಲ್ಹಾರ, ಮುಳವಾಡ ಅಂತ ಪ್ರತಿ ಸ್ಟಾಪು ಬರುವ ಮೊದಲೇ ಹೆಸರು ಹೇಳುತ್ತಿದ್ದ. ನಮ್ಮ ಆರು ತಲೆಗಳನ್ನಂತೂ ಅವನು ದಾರಿಯುದ್ದಕ್ಕೂ ಎಣಿಸಿದ. ಕೊಲ್ಹಾರದಲ್ಲಿ ಅವ್ವ ಕಿಟಕಿಯಿಂದಲೇ ಒಂದು ಸಣ್ಣ ಗಡಿಗೆ ಮೊಸರು ತೆಗೆದುಕೊಂಡಳು. ಆ ಮೊಸರು ಗೊತ್ತಿದ್ದವರಿಗೆ ಗೊತ್ತು. ಗಡಿಗೆ ಬೋರಲು ಹಾಕಿದರೂ ಕೆಳಗೆ ಬೀಳುವಂಥದ್ದಲ್ಲ.

ನನ್ನ ತಪ್ಪು ಬಯಲಾದದ್ದು ಲಾಡ್ಜಿನಲ್ಲಿ. ಫೋನಿನಲ್ಲಿ ‘ಲಿಫ್ಟ್ ಐತೇನ್ರಿ?’ ಅಂತ ಕೇಳಿದ್ದೆ, ‘ಐತ್ರಿ’ ಅಂದಿದ್ದರು. ಲಿಫ್ಟ್ ಇತ್ತು ನಿಜ, ಬಾಗಿಲಿಗೆ ಅಡ್ಡಲಾಗಿ ಒಂದು ಕುರ್ಚಿಯೂ ಇತ್ತು. ರಿಪೇರಿ. ನಮ್ಮ ಕೋಣೆಗಳು ಎರಡನೇ ಮಹಡಿಯಲ್ಲಿ. ಅರ್ಧ ತಾಸು ಜಗಳಾಡಿದ ಮೇಲೆ ಅಡುಗೆಮನೆಯ ಪಕ್ಕದ ಸಣ್ಣ ಕೋಣೆ ಬಿಟ್ಟುಕೊಟ್ಟರು. ವಯಸ್ಸಾದವರನ್ನು ಕರೆದೊಯ್ಯುವವರು ಲಿಫ್ಟಿನ ಮಾತೇ ಎತ್ತಬೇಡಿ. ನೆಲಮಹಡಿಯ ಕೋಣೆ ಕೊಡುತ್ತೀರಾ ಅಂತ ಕೇಳಿ, ಕೋಣೆಯ ನಂಬರ್ ಬರೆದುಕೊಳ್ಳಿ. ಕಮೋಡ್ ಇದೆಯಾ, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ ಅನ್ನುವುದನ್ನೂ ಆಗಲೇ ಕೇಳಿ. ಅಪ್ಪನಿಗೆ ಮಾತ್ರ ಆ ಕೋಣೆ ಬಹಳ ಹಿಡಿಸಿತು. ಮುಂಜಾನೆ ಐದಕ್ಕೇ ಚಹಾದ ವಾಸನೆ ಬರುತ್ತಿತ್ತಂತೆ.

ಮಧ್ಯಾಹ್ನ ಖಾನಾವಳಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜೊತೆಗೆ ನಮ್ಮದೇ ಮೊಸರು. ಸಂಜೆ ಆಟೋದಲ್ಲಿ ಹೋಗಿ ಮೊದಲು ತೋಪು ನೋಡಿದೆವು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ 55 ಟನ್ನಿನ ತೋಪು ಅಂದಾಗ ಮಗ ಬಾಯಿ ತೆರೆದ. ಅಪ್ಪ ಕೆಳಗೇ ನಿಂತು ಕೈ ಬೀಸಿದ. ಅಲ್ಲಿಂದ ಇಬ್ರಾಹಿಂ ರೋಜಾ. ಒಂದೇ ಕಟ್ಟೆಯ ಮೇಲೆ ಈ ಕಡೆ ಸಮಾಧಿ, ಆ ಕಡೆ ಮಸೀದಿ, ನಡುವೆ ನೀರಿನ ಹೊಂಡ. ಗೋಳಗುಮ್ಮಟದ ಗಾತ್ರ ಇದಕ್ಕಿಲ್ಲ. ಆದರೆ ಅಕ್ಷರಗಳನ್ನೇ ಜಾಳಿಗೆಯಾಗಿ ಕೊರೆದ ಕಲ್ಲಿನ ಕಿಟಕಿಗಳ ಮುಂದೆ ನಿಂತರೆ ಹೊರಡಲು ಮನಸ್ಸಾಗುವುದಿಲ್ಲ. ನನ್ನನ್ನು ಕೇಳಿದರೆ ವಿಜಯಪುರದಲ್ಲಿ ಇದೇ ಮೇಲು. ಮೆಟ್ಟಿಲೂ ಕಡಿಮೆ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಹುಚ್ಚಿನವನು, ತನ್ನ ಹಾಡುಗಳಲ್ಲಿ ಸರಸ್ವತಿಯನ್ನು ನೆನೆದವನು ಅಂತ ಅವ್ವನಿಗೆ ಹೇಳಿದೆ. ‘ಹಾಡ ಹೇಳಾಂವ ಇದ್ನ? ಅದಕ್ಕ ಇಷ್ಟ ಚಂದ ಕಟ್ಸ್ಯಾನ’ ಅಂದಳು. ಮಡಚುವ ಸ್ಟೂಲ್ ಒಯ್ದಿದ್ದೆ. ಅಪ್ಪ ಹುಲ್ಲಿನ ಮೇಲೆ ಸ್ಟೂಲ್ ಹಾಕಿಕೊಂಡು ಹೊತ್ತು ಮುಳುಗುವವರೆಗೆ ಕೂತ.

ರಾತ್ರಿ ಮೊಟ್ಟೆ ಹಾಕದ ಕೇಕು ತಂದೆವು. ಮೊಂಬತ್ತಿ ಹಚ್ಚಿದ್ದೇ ತಡ, ಅವ್ವ ತಡೆದಳು. ‘ಹುಟ್ಟಿದ ದಿನ ದೀಪಾ ಊದಿ ಆರಸ್ತಾರೇನು? ಸುಮ್ನಿರ್ರೀ.’ ಚೀಲದಿಂದ ಆರತಿ ತಟ್ಟೆ, ಕುಂಕುಮ, ಮನೆಯಲ್ಲಿ ಮಾಡಿದ ಶೇಂಗಾ ಹೋಳಿಗೆ ಎಲ್ಲಾ ಹೊರಗೆ ಬಂದವು. ಇವಳು ಇಷ್ಟೆಲ್ಲ ಯಾವಾಗ ಕಟ್ಟಿಕೊಂಡಿದ್ದಳೋ. ಅಪ್ಪ ಮಂಚದ ತುದಿಗೆ ನೆಟ್ಟಗೆ ಕೂತು ಆರತಿ ಮಾಡಿಸಿಕೊಂಡ. ಕೇಕನ್ನು ಮಕ್ಕಳು ತಿಂದರು. ಮೊಂಬತ್ತಿ ತಾನೇ ಉರಿದು ಆರಿತು.

ಭಾನುವಾರ ಆರೂವರೆಗೆ ಗೋಳಗುಮ್ಮಟದ ಒಳಗಿದ್ದೆವು. ಇದೊಂದು ವಿಷಯದಲ್ಲಿ ನಾನು ಹಟ ಹಿಡಿದದ್ದಕ್ಕೆ ಫಲ ಸಿಕ್ಕಿತು. ಡಿಸೆಂಬರ್, ಜನವರಿ ಅಂದರೆ ಶಾಲಾ ಪ್ರವಾಸಗಳ ಕಾಲ. ಒಂಬತ್ತು ದಾಟಿದರೆ ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಸಿಳ್ಳೆ, ಕೂಗಾಟ ಬಿಟ್ಟು ಬೇರೇನೂ ಕೇಳುವುದಿಲ್ಲ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಯಜಮಾನರು, ಮಕ್ಕಳು ಮೇಲೆ ಹೋದರು. ನಾನು, ಅಪ್ಪ, ಅವ್ವ ಕೆಳಗೆ ಉಳಿದೆವು.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಡುವೆ ಒಂದೂ ಕಂಬವಿಲ್ಲ. ಗೋಡೆಗಳಿಂದ ಎದ್ದ ಕಮಾನುಗಳು ಒಂದನ್ನೊಂದು ದಾಟಿ ಮೇಲೆ ಹೋಗಿ ಆ ಗುಮ್ಮಟವನ್ನು ಹೊತ್ತಿವೆ. ಒಂದು ಬದಿ 135 ಅಡಿ ಅಂದೆ. ಅವನ ತುಟಿ ಅಲ್ಲಾಡತೊಡಗಿತು. ‘ಉದ್ದಕ ಮೂರು, ಅಡ್ಡಕ ಹದಿನಾರು. ನಲವತ್ತೆಂಟ್ ಬಸ್ ನಿಲ್ತಾವು’ ಅಂದ. ಮಧ್ಯದ ಕಟ್ಟೆಯ ಮೇಲೆ ಮಹಮ್ಮದ್ ಆದಿಲ್‌ಶಾಹ ಮತ್ತು ಅವನ ಮನೆಯವರ ಗೋರಿಗಳಿವೆ. ಅವುಗಳತ್ತ ನೋಡಿ ಕೈ ಮುಗಿದು, ‘ಅಷ್ಟ್ ಜಾಗಾ ಬಿಡಬೇಕು’ ಅಂತ ಲೆಕ್ಕ ತಿದ್ದಿದ. 1656ರಲ್ಲಿ ತೀರಿಹೋದ ಸುಲ್ತಾನನ ಸಮಾಧಿಯನ್ನು ಬಸ್ಸಿನಲ್ಲಿ ಅಳೆದವನು ನನ್ನ ಅಪ್ಪನೊಬ್ಬನೇ ಇರಬೇಕು.

ಮೇಲಿಂದ ಮಗಳು ‘ಮುತ್ಯಾ’ ಅಂತ ಕೂಗಿದಳು. ಆ ಕೂಗು ಗುಮ್ಮಟದ ತುಂಬ ತಿರುಗಾಡಿತು. ಅಪ್ಪ ಸ್ಟೂಲಿನಿಂದ ಎದ್ದ, ಗಂಟಲು ಸರಿಮಾಡಿಕೊಂಡ, ತುಂಬಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರನಿಗೆ ಕೇಳಿಸುವ ದನಿಯಲ್ಲಿ ಕೂಗಿದ: ‘ರೈ...ಟ್!’

‘ಏನ್ರೀ ಇದು’ ಅಂತ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಏಳು ಸಲ ಮರುದನಿ ಬರುತ್ತದೆ ಅನ್ನುವುದು ರೂಢಿ. ಮೇಲಿದ್ದ ಮಗ ಏಳು ಅಂದ, ಮಗಳು ಒಂಬತ್ತು ಅಂದಳು. ಊರಿಗೆ ಬಂದ ಮೇಲೂ ಆ ಜಗಳ ಮುಗಿದಿಲ್ಲ.

ನಾಷ್ಟಾ ಆದ ಮೇಲೆ ಮಕ್ಕಳಿಗೆ ಟಾಂಗಾದಲ್ಲಿ ಒಂದು ಸುತ್ತು ಹಾಕಿಸಿದೆವು. ಆಮೇಲೆ ಬಾರಾಕಮಾನಿಗೆ ಹೋಗೋಣವೇ ಅಂತ ಅಪ್ಪನನ್ನು ಕೇಳಿದೆ. ‘ನಾ ಹೇಳಿದಲ್ಲಿ ಹೋಗೂಣೇನು?’ ಅಂದ. ಅವನು ಹೇಳಿದ್ದು ಬಸ್ ಸ್ಟ್ಯಾಂಡ್. ಕಲ್ಲಿನ ಬೆಂಚಿನ ಮೇಲೆ ಕೂತು, ಚಹಾ ತರಿಸಿ, ಒಂದು ತಾಸು ಬಸ್ಸುಗಳು ಬಂದು ಹೋಗುವುದನ್ನು ನೋಡಿದ. ಈ ಜಾಗ ನನ್ನ ಹನ್ನೊಂದರ ಪಟ್ಟಿಯಲ್ಲಿ ಇರಲಿಲ್ಲ. ಎರಡು ದಿನದಲ್ಲಿ ಅವನು ಅತಿ ಹೆಚ್ಚು ಮಾತಾಡಿದ್ದು ಅಲ್ಲಿಯೇ.

ತಿರುಗಿ ಬರುವಾಗ ಕೊಲ್ಹಾರ ದಾಟಿದ ಮೇಲೆ ಅಪ್ಪ ಖರ್ಚಿನ ಲೆಕ್ಕ ಕೇಳಿದ. ಲಾಡ್ಜು, ಊಟ, ಆಟೋ, ಟಿಕೆಟ್ ಎಲ್ಲ ಹೇಳಿದೆ. ಕೈಯಲ್ಲಿ ಉಳಿದ ದುಡ್ಡು ಎಣಿಸಿದ. ಕಣ್ಣು ಮುಚ್ಚಿ ಎರಡು ಸಲ ಕೂಡಿಸಿದ. ‘ಅರವತ್ತ್ ರೂಪಾಯಿ ಶಾರ್ಟ್ ಬರಾಕತ್ತೈತಿ’ ಅಂದ.

ಅವ್ವ ಏನೂ ಅನ್ನಲಿಲ್ಲ. ಕಾಲ ಬುಡದಲ್ಲಿದ್ದ ಚೀಲದ ಬಾಯಿ ಸ್ವಲ್ಪ ಸರಿಸಿದಳು. ಒಳಗೆ ಇನ್ನೊಂದು ಗಡಿಗೆ ಮೊಸರು.