ಕಳೆದುಹೋದ ನಾಯಿಗೆ ಜೆರಾಕ್ಸ್ ಪೋಸ್ಟರ್: ದಾವಣಗೆರೆಯಲ್ಲಿ ನನ್ನ ಅನುಭವ

"ಜೆರಾಕ್ಸ್ ಅಂಗಡಿಯವನು ಪೋಸ್ಟರ್ ಹಚ್ಚಿ ಅನ್ನದೆ ಇನ್ನೇನು ಅಂತಾನೆ?" ನಾನು ಜೆರಾಕ್ಸ್ ಅಂಗಡಿ ಇಟ್ಟವನು. ಕಳೆದ ನಾಯಿ ಹುಡುಕೋಕೆ ವಾಟ್ಸಾಪ್‌ಗಿಂತ ಬೀದಿಯಲ್ಲಿ ಹಚ್ಚಿದ ಕಾಗದದ ಪೋಸ್ಟರೇ ಮೇಲು ಅಂದಾಗಲೆಲ್ಲ, ತಪ್ಪಿಸಿಕೊಂಡ ನಾಯಿ ಬೆಕ್ಕು ಹುಡುಕುವ ನಮ್ಮ ಬಳಗದಲ್ಲಿ ಮೂರ್ನಾಲ್ಕು ವರ್ಷ ನನಗೆ ಇದೇ ಮಾತು. ಕಳೆದ ದೀಪಾವಳಿ ಆದಮೇಲೆ ಹಾಗೆ ಅಂದವರೇ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಬಂದರು. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ. ಕಾಲರ್, ಬೆಲ್ಟು, ಬೋನು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ಕೈಕೊಟ್ಟಿದ್ದನ್ನೇ ಹೇಳುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೋ ಐವತ್ತು ಗುಂಪು ಸುತ್ತುತ್ತದೆ. ಹುಬ್ಬಳ್ಳಿಯಿಂದ, ಬೆಂಗಳೂರಿಂದ "ಅಯ್ಯೋ ಪಾಪ, ಸಿಕ್ತಾ?" ಅಂತ ಫೋನ್ ಬರುತ್ತದೆ. ಹಿಂದಿನ ಬೀದಿಯಿಂದ ಬರೋದಿಲ್ಲ. ನಾಯಿ ಮನೆಗೆ ಬಂದು ಆರು ತಿಂಗಳಾದರೂ ಆ ಫೋಟೋ ಸುತ್ತುತ್ತಲೇ ಇರುತ್ತದೆ. ಆಟೋಗೆ ಮೈಕ್ ಕಟ್ಟಿ ನಿಟುವಳ್ಳಿ ಪೂರ್ತಿ ಕೂಗಿಸಿದ್ದೂ ಆಯ್ತು. ಬಾಡಿಗೆ ಸಾವಿರದೈನೂರರ ಹತ್ತಿರ. ಪಟಾಕಿಗೆ ಬೆದರಿ ಓಡಿದ ನಾಯಿಗೆ ಮೈಕ್ ಬೇರೆ! ಇನ್ನೂ ದೂರ ಹೋಯ್ತು.

ಬಹುಮಾನದ ಕಥೆ ಇನ್ನೂ ಚೆಂದ. ಒಬ್ಬರು ಹಟ ಹಿಡಿದು ಹತ್ತು ಸಾವಿರ ಅಂತ ಬರೆಸಿದರು. ಎರಡೇ ದಿನಕ್ಕೆ ಹುಡುಗರು ಊರಲ್ಲಿರುವ ಕಂದು ನಾಯಿಗಳಿಗೆಲ್ಲ ಹಗ್ಗ ಹಾಕಿ ಎಳೆದು ತಂದರು. ಅದರಲ್ಲೊಂದು ಪಕ್ಕದ ಬೀದಿಯವರ ಸಾಕುನಾಯಿ. ಅವರ ಜೊತೆ ಜಗಳ ಬೇರೆ. ಅದರ ಹಿಂದೆಯೇ "ನಾಯಿ ನಮ್ಮ ಹತ್ರ ಐತಿ, ಗಾಡಿ ಬಾಡಿಗೆ ಎರಡು ಸಾವಿರ ಫೋನ್‌ಪೇ ಮಾಡ್ರಿ" ಅನ್ನುವ ಫೋನುಗಳು. ವಿಡಿಯೊ ಕಾಲ್‌ನಲ್ಲಿ ನಾಯಿ ತೋರಿಸಿ ಅಂದರೆ ಲೈನ್ ಕಟ್. ಈಗ "ಸೂಕ್ತ ಬಹುಮಾನ" ಅಂತ ಮಾತ್ರ ಹಾಕುತ್ತೇನೆ.

ನಾಯಿಯನ್ನು ನಿಜವಾಗಿ ನೋಡುವವರು ಯಾರು? ಬೆಳಗಿನ ಜಾವ ಬೀದಿಯಲ್ಲಿ ಇರುವವರು. ಹಾಲು ಹಾಕುವವರು, ಪೇಪರ್ ಹುಡುಗರು, ಪೌರಕಾರ್ಮಿಕರು, ಸೊಪ್ಪು ತರುವ ಹೆಂಗಸರು. ಇವರು ನಮ್ಮ ಗುಂಪುಗಳಲ್ಲಿ ಇಲ್ಲ. ಅವರ ಕಣ್ಣಿಗೆ ಬೀಳಬೇಕಾದರೆ ಕಾಗದವೇ ಬೇಕು.

ಎ4 ಹಾಳೆ, ಕಪ್ಪು ಬಿಳುಪು, ಎರಡು ರೂಪಾಯಿ. ಅರ್ಧ ಹಾಳೆ ಫೋಟೋ, ಕೆಳಗೆ ದಪ್ಪ ಅಂಕಿಯಲ್ಲಿ ನಂಬರ್. ತಳಿಯ ಹೆಸರು ಬೇಡ. "ಗೋಲ್ಡನ್ ರಿಟ್ರೀವರ್" ಅಂದರೆ ಸೊಪ್ಪಿನ ಅಜ್ಜಿಗೆ ಏನು ತಿಳಿಯಬೇಕು? "ಉದ್ದ ಕೂದಲು, ಬೆಲ್ಲದ ಬಣ್ಣ, ಬಾಲ ಪೊದೆ" ಅಂತ ಬರೆಯಿರಿ. ಆಜಾದ್ ನಗರ, ಭಾಷಾ ನಗರದ ಕಡೆಗೆ ಉರ್ದುವಿನಲ್ಲೂ ಒಂದು ಕಟ್ಟು ಮಾಡುತ್ತೇನೆ. ಪಕ್ಕದ ಟೈಲರ್ ಅಂಗಡಿಯವರು ಬರೆದುಕೊಡುತ್ತಾರೆ, ಕೂಲಿ ಒಂದು ಚಹಾ. ಸರ್ಕಲ್ ಗೋಡೆಗೆ ಅಂಟಿಸಬೇಡಿ. ಅನುಮತಿ ಇಲ್ಲದೆ ಹಾಗೆ ಅಂಟಿಸಬಾರದು ಅಂತ 1981ರಿಂದಲೇ ಕಾಯ್ದೆ ಇದೆ, ಮೇಲಾಗಿ ಅಲ್ಲಿ ಯಾರೂ ನಿಲ್ಲೋದಿಲ್ಲ. ಜನ ನಿಂತು ಕಾಯುವ ಜಾಗ ಹಿಡಿಯಿರಿ: ಕುಡಿಯುವ ನೀರಿನ ಘಟಕ, ನಂದಿನಿ ಬೂತ್, ಕೋಳಿ ಅಂಗಡಿ, ಎಗ್‌ರೈಸ್ ಗಾಡಿ. ಕೇಳಿಕೊಂಡೇ ಅಂಟಿಸಿ. ಕ್ಯಾನ್ ತುಂಬುವ ತನಕ ಮನುಷ್ಯ ಇನ್ನೇನು ಓದುತ್ತಾನೆ?

ದೀಪಾವಳಿ ರಾತ್ರಿ ಎಂಸಿಸಿ ಬಿ ಬ್ಲಾಕ್ ಬಡಾವಣೆಯಿಂದ ಒಂದು ಮುಧೋಳ ಹೆಣ್ಣುನಾಯಿ ಗೇಟ್ ಹಾರಿತ್ತು. ಮುಧೋಳದ ಓಟ ಗೊತ್ತಲ್ಲ. ಬಳಗದವರು "ಇದು ಹಾವೇರಿ ದಾಟಿರುತ್ತೆ, ಬಿಡು" ಅಂದರು. ಎರಡು ವಾರದ ಮೇಲೆ ಒಂದು ಬೆಳಗ್ಗೆ ದೊಡ್ಡಬಾತಿ ಕಡೆಯಿಂದ ಹಾಲು ತರುವವರು ಫೋನ್ ಮಾಡಿದರು: "ಅಣ್ಣಾರ, ಆ ಸಣ್ಣ ನಡದ ನಾಯಿ ಕುಂದವಾಡ ಕೆರೆ ಹಿಂದಿನ ಹೊಲದಾಗೆ ಐತ್ರಿ. ದಿನಾ ಐದಕ್ಕೆ ಬರ್ತೈತಿ."

ಮಾಲೀಕರು ಕಾರಲ್ಲಿ ಹೋಗಿ ಹೆಸರು ಹಿಡಿದು ಕೂಗಿದರು. ನಾಯಿ ಒಮ್ಮೆ ತಿರುಗಿ ನೋಡಿ ಓಟ ಕಿತ್ತಿತು. ಹೆದರಿದ ನಾಯಿ ಸಾಕಿದವರನ್ನೂ ಗುರುತು ಹಿಡಿಯೋದಿಲ್ಲ. ಅವರನ್ನು ಮನೆಗೆ ಕಳಿಸಿ, ಅವರು ತೊಟ್ಟ, ತೊಳೆಯದ ಬನಿಯನ್ ಇಸ್ಕೊಂಡೆ. ದಿನಾ ಅದೇ ಹೊತ್ತು, ಅದೇ ಬದು, ಮಾಲೀಕರ ವಾಸನೆ ಇರುವ ಆ ಬನಿಯನ್ ಪಕ್ಕದಲ್ಲಿ ಬೇಯಿಸಿದ ಕೋಳಿ ಲಿವರ್. ಮೂರ್ನಾಲ್ಕು ದಿನ ಊಟ ಇಟ್ಟು ಸುಮ್ನೆ ವಾಪಸ್. ಆಮೇಲೆ ಮಾಲೀಕರನ್ನೇ ಕರೆದುಕೊಂಡು ಹೋಗಿ ನಾಯಿಗೆ ಬೆನ್ನು ಹಾಕಿ ನೆಲದಲ್ಲಿ ಕೂರಿಸಿದೆ. ಕೂಗುವಂತಿಲ್ಲ, ತಿರುಗುವಂತಿಲ್ಲ, ಕಣ್ಣಲ್ಲಿ ಕಣ್ಣಿಡುವಂತಿಲ್ಲ. ಲಿವರ್ ಚೂರುಗಳನ್ನು ಹಿಂದಕ್ಕೆ ಎಸೆಯುತ್ತಾ, ಒಂದೊಂದನ್ನೂ ಇನ್ನಷ್ಟು ಹತ್ತಿರ. ನಾಯಿ ಗಾಳಿಗೆ ಮೂಗೆತ್ತಿತು, ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಿತು, ಅವರ ಮೊಣಕೈ ಮೂಸಿತು. ಅಲ್ಲಿಗೆ ಗುರುತು ಸಿಕ್ಕಿತು ನೋಡಿ, ಮೈಮೇಲೇ ಬಿತ್ತು. ಆ ಯಜಮಾನರ ಅಳು ಕೆರೆ ಏರಿಯವರೆಗೂ ಕೇಳಿಸಿರಬೇಕು! ಲಿವರ್ ಜೊತೆ ಇನ್ನೊಂದು ವಸ್ತು ಬೆರೆಸಿದ್ದೆ. ಅದು ಅಂಗಡಿಗೆ ಬಂದವರಿಗೆ ಮಾತ್ರ.

ಈ ಕೆಲಸಕ್ಕೆ ಇಳಿಯುವವರು ರೇಬೀಸ್ ಲಸಿಕೆ ಮುಂಚಿತವಾಗಿಯೇ ಹಾಕಿಸಿಕೊಳ್ಳಿ. ಹಾಗಿದ್ದೂ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಬೆಕ್ಕಿನ ಲೆಕ್ಕ ಬೇರೆ. ಮನೆಬೆಕ್ಕು ದೂರ ಹೋಗೋದು ಕಡಿಮೆ. ಮೂರ್ನಾಲ್ಕು ಮನೆ ಆಚೆ, ಉಸಿರೆತ್ತದೆ ಕೂತಿರುತ್ತದೆ. ರಾತ್ರಿ ಹನ್ನೆರಡರ ಮೇಲೆ ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲೇ ಹಿಡಿದು ಬಿಟ್ಟರೆ ಎರಡು ಕಣ್ಣು ಹೊಳೆಯುತ್ತವೆ. ಚೌಕಿಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿರೋದರಿಂದ ಮೇಲೆ, ತಗಡಿನ ಮೇಲೆ ನೋಡಬೇಕು. ಮಂಡಕ್ಕಿ ಭಟ್ಟಿ ಕಡೆಯಾದರೆ ಚಳಿಗಾಲದಲ್ಲಿ ಹೊಟ್ಟಿನ ಚೀಲಗಳ ಸಂದಿ.

ಸಿಕ್ಕ ನಾಯಿಗೆ ಮಾಲೀಕರನ್ನು ಹುಡುಕೋದು ಇನ್ನೂ ತಲೆನೋವು. ಮೊದಲು ಪಶುವೈದ್ಯರ ಹತ್ತಿರ ಚರ್ಮದ ಕೆಳಗೆ ಗುರುತಿನ ಚಿಪ್ ಇದೆಯಾ ನೋಡಿಸಿ. ಹದಿನೈದು ಅಂಕಿಯ ನಂಬರ್ ಬಂದರೆ ಪುಣ್ಯ, ನಮ್ಮ ಕಡೆ ಅಪರೂಪ. ಕಿವಿಯ ತುದಿ ಕತ್ತರಿಸಿದ್ದರೆ ಅದು ಸಂತಾನಹರಣ ಆದ ಬೀದಿನಾಯಿ ಇರಬಹುದು, ಸುಮ್ನೆ ಅದರ ಬೀದಿಯಿಂದ ಎತ್ತಿ ತರಬೇಡಿ. ಫೋಟೋದಲ್ಲಿ ಒಂದು ಗುರುತನ್ನು ಮುಚ್ಚಿಡಿ. ತಳಿನಾಯಿ ಸಿಕ್ಕಿದೆ ಅಂದರೆ ಮೂರು ಜನ "ನಮ್ಮದೇ" ಅಂತ ಬರುತ್ತಾರೆ. ನಾನೊಂದು ಪ್ರಶ್ನೆ ಕೇಳುತ್ತೇನೆ, ಸುಳ್ಳು ಹೇಳುವವರು ಅಲ್ಲೇ ತಡವರಿಸುತ್ತಾರೆ. ಯಾವ ಪ್ರಶ್ನೆ ಅಂತ ಬರೆದರೆ ನಾಳೆಯಿಂದ ಉಪಯೋಗ ಇರೋದಿಲ್ಲ, ಅಲ್ವಾ?

ಕ್ಯೂಆರ್ ಕೋಡ್ ಬಿಲ್ಲೆ ಮಾಡಿಸಿ ಹಂಚಿದ್ದೂ ಉಂಟು. ಗೊತ್ತಿಲ್ಲದ ನಾಯಿಯ ಕೊರಳಿಗೆ ಫೋನ್ ಹಿಡಿಯಲು ಯಾರು ಹೋಗುತ್ತಾರೆ? ಬೆಲ್ಟಿನ ಮೇಲೆ ಮಾರ್ಕರ್‌ನಲ್ಲಿ ಬರೆದ ನಂಬರೇ ಗೆದ್ದಿತು. ಹತ್ತಿರದ ಐಫೋನ್‌ಗಳ ಮೂಲಕ ಜಾಗ ತೋರಿಸುವ ಏರ್‌ಟ್ಯಾಗ್ ಬಿಲ್ಲೆ ಪೇಟೆಯಲ್ಲಿ ಪರವಾಗಿಲ್ಲ, ಹೊಲದಲ್ಲಿ ಐಫೋನ್ ಇದ್ದವರು ಯಾರೂ ಓಡಾಡೋದಿಲ್ಲ. ಹಾರಿಹೋದ ಕಾಕಟೀಲ್ ಹಕ್ಕಿಗೆ ಅದರ ಜೋಡಿಯ ಕೂಗನ್ನೇ ರೆಕಾರ್ಡ್ ಮಾಡಿ ಮಾಳಿಗೆ ಮೇಲೆ ಹಾಕಿದೆ. ಬಂದದ್ದು ಬರೀ ಗೊರವಂಕಗಳು. ಜೋಡಿಯನ್ನೇ ಪಂಜರ ಸಮೇತ ಇಟ್ಟಮೇಲೆ ಸಂಜೆಗೆ ಇಳಿಯಿತು. ನಮ್ಮ ನಾಡಿನ ಹಸಿರು ಗಿಳಿ ಕಳೆದಿದೆ ಅಂತ ಯಾರಾದರೂ ಬಂದರೆ ಮಾತ್ರ ಪೋಸ್ಟರ್ ಹಾಕೋದಿಲ್ಲ. ಅದನ್ನು ಸಾಕೋದೇ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಖರ್ಚು? ಒಂದು ಕೇಸಿಗೆ ನೂರೈವತ್ತು ಹಾಳೆ, ಮೈದಾ ಅಂಟು, ಪೆಟ್ರೋಲ್, ಲಿವರ್ ಎಲ್ಲ ಸೇರಿ ಎಂಟುನೂರರಿಂದ ಸಾವಿರ. ಮೈಕಿನ ಆಟೋ ಒಂದು ದಿನಕ್ಕೆ ಅದಕ್ಕಿಂತ ಜಾಸ್ತಿ ತಿಂದಿತ್ತು. ಪ್ರಿಂಟಿಗೆ ನಾನು ಅಸಲು ಮಾತ್ರ ತಗೊಳ್ಳುತ್ತೇನೆ. ಸುಳಿವು ಕೊಡುವ ಹಾಲಿನವರಿಗೆ ಐನೂರು ಕೊಡೋದನ್ನು ಮಾತ್ರ ಮಾಲೀಕರಿಂದ ಮೊದಲೇ ಇಸ್ಕೊಂಡು ಇಟ್ಟಿರುತ್ತೇನೆ. ನಾಯಿ ಮನೆಗೆ ಬಂದಮೇಲೆ ಕೇಳಿದರೆ ಕೆಲವರಿಗೆ ಕಿವಿ ಕೇಳಿಸೋದಿಲ್ಲ.