ಅಪ್‌ಗ್ರೇಡ್ ಆದ ಮೇಲೆ ಬೂಟ್ ಆಗದ ಲಿನಕ್ಸ್: ನಾನು ಸರಿಮಾಡಿಕೊಂಡ ಬಗೆ

ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಬಂದದ್ದು ಕರ್ನಲ್ ಪ್ಯಾನಿಕ್, ಅಂದರೆ ಸಿಸ್ಟಮಿನ ತಿರುಳಾದ ಕರ್ನಲ್ ಮುಂದೆ ಹೋಗಲಾಗದೆ ನಿಂತುಬಿಡುವುದು. ರೂಟ್ ಫೈಲ್ ಸಿಸ್ಟಮ್ (ಲಿನಕ್ಸ್ ಫೈಲ್‌ಗಳೆಲ್ಲದರ ಬುಡ) ಮೌಂಟ್ ಮಾಡಲಾಗುತ್ತಿಲ್ಲ, ಅಂದರೆ ಬಳಕೆಗೆ ಜೋಡಿಸಲಾಗುತ್ತಿಲ್ಲ, 'ಅನ್‌ನೋನ್ ಬ್ಲಾಕ್ 0,0' ಅಂತ ಕೊನೆಯ ಸಾಲು. ಇದನ್ನು ನೋಡಿದ ಕೂಡಲೇ ಡಿಸ್ಕ್ ಹೋಯ್ತು ಅಂತ ಗಾಬರಿಯಾಗುವವರೇ ಜಾಸ್ತಿ. ಆದರೆ ಆ ಎರಡು ಸೊನ್ನೆಗಳ ಅರ್ಥ, ಕರ್ನಲ್‌ಗೆ ಡಿಸ್ಕೇ ಕಾಣಿಸಿಲ್ಲ ಅಂತ. ಹೆಚ್ಚಿನ ಸಲ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಮೆಮೊರಿಗೆ ಬರುವ ಪುಟ್ಟ ಫೈಲ್ ಸಿಸ್ಟಮ್) ಫೈಲ್ ಇಲ್ಲದಿದ್ದಾಗ ಹೀಗಾಗುತ್ತದೆ. ರೂಟ್ ಡಿಸ್ಕನ್ನು ಹುಡುಕಲು ಬೇಕಾದ ಡ್ರೈವರ್‌ಗಳು ಇರುವುದು ಅದರಲ್ಲೇ ಅಲ್ವಾ?

ಹಾಗಾಗಿ ಬೂಟ್ ಶುರುಮಾಡುವ ಗ್ರಬ್‌ನ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೇ ಕರ್ನಲ್ ಆರಿಸಿದೆ. ಅದು ಒಂದು ಹೆಜ್ಜೆ ಮುಂದೆ ಹೋಗಿ ನಿಂತಿತು. ಬ್ಯುಸಿಬಾಕ್ಸ್ ಅನ್ನುವ ಚಿಕ್ಕ ಕಮಾಂಡ್ ಶೆಲ್ ತೆರೆದು, ರೂಟ್ ಫೈಲ್ ಸಿಸ್ಟಮ್‌ಗೆ ನೀವೇ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ತಪಾಸಣೆ ಮಾಡಿ ಸರಿಪಡಿಸುವ ಕಮಾಂಡ್) ಓಡಿಸಬೇಕು ಅಂದಿತು. ಅಂದರೆ ಇಲ್ಲಿದ್ದದ್ದು ಒಂದಲ್ಲ, ಎರಡು ತೊಂದರೆ. ಬೂಟ್ ಆಗುವಾಗಿನ ತಪಾಸಣೆ ಚಿಕ್ಕಪುಟ್ಟದ್ದನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಮನುಷ್ಯರೇ ತೀರ್ಮಾನಿಸಬೇಕಾದದ್ದು ಸಿಕ್ಕರೆ ಮಾತ್ರ ಹೀಗೆ ನಿಲ್ಲುತ್ತದೆ.

ಆ ಶೆಲ್‌ನಲ್ಲೇ ಎಫ್‌ಎಸ್‌ಸಿಕೆಗೆ 'ಮೈನಸ್ ವೈ' ಕೊಟ್ಟು ಎಲ್ಲದಕ್ಕೂ ಹೂಂ ಅನ್ನಿ ಅಂತ ಸಲಹೆ ಕೊಡುವವರು ಬಹಳ ಜನ. ನಾನು ಅದನ್ನು ಒಪ್ಪುವುದಿಲ್ಲ. ಡಿಸ್ಕೇ ಸಾಯುತ್ತಿದ್ದರೆ ಆ ಒಂದು ಓಟದಲ್ಲಿ ಉಳಿದದ್ದೂ ಹೋಗಬಹುದು. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿದೆ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗ) ಸೊನ್ನೆ, ಪೆಂಡಿಂಗ್ ಸೆಕ್ಟರ್ (ಕೆಟ್ಟಿರಬಹುದೆಂಬ ಅನುಮಾನದ ಜಾಗ) ಸೊನ್ನೆ. ಆದರೆ ಯುಡಿಎಂಎ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆಗುವ ತಪ್ಪು) ಎಣಿಕೆ ಮೇಲಿತ್ತು. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲೂ ಸಾಟಾ ಲಿಂಕ್ (ಡಿಸ್ಕ್ ಮತ್ತು ಬೋರ್ಡ್ ನಡುವಿನ ಸಂಪರ್ಕ) ಪದೇ ಪದೇ ರೀಸೆಟ್ ಆದ ಸಾಲುಗಳು. ಎರಡೂ ಸೇರಿದರೆ ಅನುಮಾನ ಡಿಸ್ಕಿನ ಮೇಲಲ್ಲ, ಕೇಬಲ್ ಮೇಲೆ. ದಿನನಿತ್ಯದ ಕೆಲಸದಲ್ಲಿ ಹೇಗೋ ನಡೆದುಹೋಗುತ್ತಿದ್ದ ಕೇಬಲ್, ಅಪ್‌ಗ್ರೇಡ್ ಒಟ್ಟೊಟ್ಟಿಗೆ ಸಾವಿರಾರು ಫೈಲ್ ಬರೆಯುವಾಗ ಬಣ್ಣ ಬಯಲು ಮಾಡಿತ್ತು. ಬೇರೆ ಕೇಬಲ್ ಹಾಕಿದೆ. ಆ ಎಣಿಕೆ ಯಾವತ್ತೂ ಕೆಳಗಿಳಿಯುವುದಿಲ್ಲ. ಏರುವುದು ನಿಂತಿದೆಯಾ ಅಂತಷ್ಟೇ ನೋಡಬೇಕು. ನಿಂತಿತ್ತು.

ಆಮೇಲೆ ರೂಟ್ ಪಾರ್ಟಿಷನ್ನನ್ನು ರೀಡ್ ಓನ್ಲಿಯಾಗಿ, 'ನೋಲೋಡ್' ಆಪ್ಷನ್ ಸೇರಿಸಿ ಮೌಂಟ್ ಮಾಡಿ ಹೋಮ್ ಫೋಲ್ಡರ್ ನಕಲು ಮಾಡಿಕೊಂಡೆ. ನನ್ನ ಫೈಲ್ ಸಿಸ್ಟಮ್ ಆದ ಎಕ್ಸ್ಟ್4ನಲ್ಲಿ ಸುಮ್ನೆ ರೀಡ್ ಓನ್ಲಿ ಅಂದರೆ ಸಾಲದು, ಜರ್ನಲ್ (ಅರ್ಧಕ್ಕೆ ನಿಂತ ಬರಹಗಳ ದಾಖಲೆ) ಓದಿಸುವ ನೆಪದಲ್ಲಿ ಅದು ಡಿಸ್ಕಿಗೆ ಬರೆಯುತ್ತದೆ. ನೋಲೋಡ್ ಅದನ್ನು ತಡೆಯುತ್ತದೆ.

ನಕಲು ಕೈಯಲ್ಲಿದ್ದ ಮೇಲೆ ಅನ್‌ಮೌಂಟ್ ಮಾಡಿ, ಎಫ್‌ಎಸ್‌ಸಿಕೆಯನ್ನು 'ಮೈನಸ್ ಎನ್' ಹಾಕಿ ಓಡಿಸಿದೆ. ಇದು ಏನನ್ನೂ ಮುಟ್ಟದೆ ಬರೀ ತೋರಿಸುತ್ತದೆ. ಜರ್ನಲ್ ಓದಿಸದೆ ನೋಡುವುದರಿಂದ ಇರುವುದಕ್ಕಿಂತ ಜಾಸ್ತಿ ತಪ್ಪು ಕಾಣಿಸಬಹುದು, ಹೆದರಬೇಕಾಗಿಲ್ಲ. 'ಫ್ರೀ ಬ್ಲಾಕ್ಸ್ ಕೌಂಟ್ ರಾಂಗ್' ಅಂದರೆ ಬರೀ ಲೆಕ್ಕದ ತಪ್ಪು. ಒಂದೇ ಬ್ಲಾಕ್ ತನ್ನದು ಅಂತ ಎರಡು ಫೈಲ್ ಹೇಳಿದರೆ ಮಾತ್ರ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕು, ಯಾಕೆಂದರೆ ಅವೆರಡರಲ್ಲಿ ಒಂದಾದರೂ ಹಾಳಾಗಿರುತ್ತದೆ. ನನ್ನದರಲ್ಲಿ ಅದಿರಲಿಲ್ಲ. ಹೆಚ್ಚಿನವು ಲೆಕ್ಕದ ತಪ್ಪು, ಜೊತೆಗೆ ಯಾವ ಫೋಲ್ಡರಿಗೂ ಸೇರದ ಕೆಲವು ಐನೋಡ್ (ಒಂದು ಫೈಲಿನ ವಿವರ ಇಡುವ ದಾಖಲೆ). ನಿಜವಾದ ಓಟದಲ್ಲಿ ಪ್ರಶ್ನೆಗಳನ್ನು ಓದಿ ಓದಿ ಉತ್ತರಿಸಿದೆ. ಅನಾಥ ಐನೋಡ್‌ಗಳು ಲಾಸ್ಟ್ ಆಂಡ್ ಫೌಂಡ್ ಫೋಲ್ಡರಿಗೆ ಹೋದವು. ಹೆಸರಿನ ಜಾಗದಲ್ಲಿ ಹ್ಯಾಶ್ ಚಿಹ್ನೆ, ಮುಂದೆ ಒಂದು ಸಂಖ್ಯೆ. 'ಫೈಲ್' ಕಮಾಂಡ್ ಕೊಟ್ಟರೆ ಒಳಗೆ ಏನಿದೆ ಅಂತ ತಿಳಿಯುತ್ತದೆ. ಎಲ್ಲವೂ ಪ್ಯಾಕೇಜ್‌ಗಳ ತುಣುಕುಗಳೇ, ಬೇಕಾದದ್ದು ಒಂದೂ ಇರಲಿಲ್ಲ.

ಇನ್ನು ಮೊದಲಿನ ಪ್ಯಾನಿಕ್. ಬೂಟ್ ಪಾರ್ಟಿಷನ್ ಹಳೇ ಕರ್ನಲ್‌ಗಳಿಂದ ಭರ್ತಿಯಾಗಿತ್ತು. ಹೊಸ ಕರ್ನಲ್‌ಗೆ ಹೇಗೋ ಜಾಗ ಸಿಕ್ಕಿದೆ, ಅದಕ್ಕಿಂತ ದೊಡ್ಡದಾದ ಇನಿಟ್‌ರಾಮ್‌ಎಫ್‌ಎಸ್‌ಗೆ ಸಿಕ್ಕಿಲ್ಲ. ಲೈವ್ ಯುಎಸ್‌ಬಿಯಿಂದಲೇ ರೂಟ್, ಬೂಟ್, ಇಎಫ್‌ಐ (ಬೂಟ್ ಫೈಲ್‌ಗಳ ಪಾರ್ಟಿಷನ್) ಮೂರನ್ನೂ ಅವುಗಳ ಜಾಗಕ್ಕೆ ಮೌಂಟ್ ಮಾಡಿ, ಕರ್ನಲ್ ತೋರಿಸುವ ಡೆವ್, ಪ್ರಾಕ್, ಸಿಸ್ ಫೋಲ್ಡರುಗಳನ್ನು ಬೈಂಡ್ ಮಾಡಿ ಕ್ರೂಟ್ ಆದೆ, ಅಂದರೆ ಡಿಸ್ಕಿನಲ್ಲಿರುವ ಸಿಸ್ಟಮಿನ ಒಳಗೆ ಹೊಕ್ಕೆ. ತೀರಾ ಹಳೆಯ ಕರ್ನಲ್ ತೆಗೆದು, ಪ್ಯಾಕೇಜ್ ನೋಡಿಕೊಳ್ಳುವ ಡಿಪಿಕೆಜಿಗೆ ಅರ್ಧಕ್ಕೆ ನಿಂತ ಕೆಲಸ ಮುಗಿಸಲು ಹೇಳಿದೆ. ಆಮೇಲೂ ಹೊಸ ಕರ್ನಲ್ಲಿನ ಇನಿಟ್‌ರಾಮ್‌ಎಫ್‌ಎಸ್ ಫೈಲ್ ಇದೆಯಾ ಅಂತ ಕಣ್ಣಾರೆ ನೋಡಿ, ನಂತರವೇ ಗ್ರಬ್ ಅಪ್‌ಡೇಟ್ ಮಾಡಿದೆ. ಈ ಕ್ರಮ ಮುಖ್ಯ. ಫೈಲ್ ಇಲ್ಲದೆ ಗ್ರಬ್ ಅಪ್‌ಡೇಟ್ ಆದರೆ ಆ ಕರ್ನಲ್‌ನ ಗ್ರಬ್ ನಮೂದಿನಲ್ಲಿ ಇನಿಟ್‌ರಾಮ್‌ಎಫ್‌ಎಸ್ ಲೋಡ್ ಮಾಡುವ ಸಾಲೇ ಬರುವುದಿಲ್ಲ, ಮತ್ತದೇ ಪ್ಯಾನಿಕ್.

ಬೂಟ್ ಆಯಿತು. ಆದರೆ ಎಫ್‌ಎಸ್‌ಸಿಕೆ ಫೈಲ್ ಸಿಸ್ಟಮಿನ ಚೌಕಟ್ಟನ್ನು ಸರಿಮಾಡುತ್ತದೆಯೇ ಹೊರತು, ಫೈಲ್‌ಗಳ ಒಳಗಿನ ಡೇಟಾ ನೆಟ್ಟಗಿದೆಯಾ ಅಂತ ನೋಡುವುದಿಲ್ಲ. ಅದಕ್ಕೆ ಡಿಪಿಕೆಜಿಯ ವೆರಿಫೈ ಓಡಿಸಿದೆ. ಪ್ರಶ್ನಾರ್ಥಕ ಚಿಹ್ನೆಗಳ ನಡುವೆ 5 ಅಂತ ಬಂದರೆ ಆ ಫೈಲಿನ ಎಂಡಿ5 (ಒಳಗಿರುವುದರಿಂದ ಲೆಕ್ಕಹಾಕಿದ ಗುರುತು) ಹೊಂದುತ್ತಿಲ್ಲ ಎಂದರ್ಥ. ಪಕ್ಕದಲ್ಲಿ ಸಿ ಇದ್ದರೆ ಅದು ಕಾನ್ಫಿಗ್ ಫೈಲ್, ನಾವೇ ಬದಲಿಸಿದ್ದಾದರೆ ಬಿಟ್ಟುಬಿಡಬಹುದು. ಸಿ ಇಲ್ಲದ ಕೆಲವು ಲೈಬ್ರರಿ ಫೈಲ್‌ಗಳು ಸಿಕ್ಕವು. ಅವು ಯಾವ ಪ್ಯಾಕೇಜಿನವು ಅಂತ ಹುಡುಕಿ, ಅವನ್ನು ರೀಇನ್‌ಸ್ಟಾಲ್ ಮಾಡಿ ಮತ್ತೆ ವೆರಿಫೈ ಕೊಟ್ಟಾಗ ಕಾನ್ಫಿಗ್ ಸಾಲುಗಳಷ್ಟೇ ಉಳಿದವು.